ಪಾನಕ, ಕಾಂಜಿ, ಕಾಕ್‌ಟೇಲ್: ಅತಿಥಿಗಳು ಬಂದಾಗ ನಾವೂ ಕೂರೋಣ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ಪಾರ್ಟಿ ಅಡುಗೆ, ಡ್ರಿಂಕ್ಸ್ ಬಗ್ಗೆ ಒಂದಿಪ್ಪತ್ತು ನಿಮಿಷ ಮಾತಾಡು" ಅಂತ ವೇದಿಕೆಯ ಗೆಳತಿಯರು ಹೇಳಿದಾಗ ನನಗೆ ನಗು ಬಂತು. ನಾನು ಎಂ.ಟೆಕ್. ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ. ಬೆಳಗಿನಿಂದ ಸಂಜೆವರೆಗೆ ಗುರುಗ್ರಾಮದಲ್ಲಿ ಕೂತು ಸರ್ವರ್‌ಗಳ ಜೊತೆ ಜಗಳ ಆಡುವವಳು. ಅಡುಗೆ ನನ್ನ ವಿಷಯವಲ್ಲ. ಆದರೆ ಜನರನ್ನು ಮನೆಗೆ ಕರೆಯುವುದು ನನ್ನ ವಿಷಯ. ಈ ಊರಲ್ಲಿ ನಮಗೆ ಸೋದರತ್ತೆ, ಚಿಕ್ಕಪ್ಪ ಯಾರೂ ಪಕ್ಕದ ಬೀದಿಯಲ್ಲಿಲ್ಲ. ಹೇಳದೆ ಕೇಳದೆ ಬಂದು ಜಗಲಿ ಮೇಲೆ ಕೂರುವವರಿಲ್ಲ. ಕೂರಲು ಜಗಲಿಯೂ ಇಲ್ಲ. ನೋಯ್ಡಾದಿಂದ ದ್ವಾರಕಾಗೆ, ಫರೀದಾಬಾದಿನಿಂದ ಗುರುಗ್ರಾಮಕ್ಕೆ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಬರಬೇಕು ಅಂದರೆ ಕರೆಯಬೇಕು, ಕರೆದ ಮೇಲೆ ಏನಾದರೂ ಕೊಡಬೇಕು. ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದಲ್ಲಿ ನಾಟಕ ಮುಗಿಸಿ ಮೂರು ಕುಟುಂಬ ಒಟ್ಟಿಗೆ "ನಿಮ್ಮನೆಗೇ ಹೋಗೋಣ" ಅಂದರೆ ಎದೆ ಧಸಕ್ ಅನ್ನಬಾರದು. ಅಷ್ಟೇ ನನ್ನ ಗುರಿ.

ಮೊದಲು ಕುಡಿಯುವುದರಿಂದ ಶುರು ಮಾಡುತ್ತೇನೆ, ಯಾಕಂದರೆ ನಿಮಗೆಲ್ಲ ಕುತೂಹಲ ಇರುವುದು ಅದರ ಬಗ್ಗೆಯೇ.

ಕಾಕ್‌ಟೇಲ್ ಅಂದರೆ ಏನೋ ಮಾಯಾವಿದ್ಯೆ ಅಂದುಕೊಳ್ಳುತ್ತೇವೆ. ಬಿಡಿಸಿ ನೋಡಿದರೆ ಇರುವುದು ನಾಲ್ಕೇ: ಒಂದು ಹುಳಿ, ಒಂದು ಸಿಹಿ, ಒಂದು ಘಾಟು ಅಥವಾ ಪರಿಮಳ, ಮತ್ತೆ ನೀರು ಅಥವಾ ಸೋಡಾ. ಐದನೆಯದಾಗಿ ಮದ್ಯ. ಈಗ ರಾಮನವಮಿಯ ಪಾನಕ ನೆನಪಿಸಿಕೊಳ್ಳಿ. ನಿಂಬೆ, ಬೆಲ್ಲ, ಶುಂಠಿ-ಏಲಕ್ಕಿ-ಮೆಣಸು, ತಣ್ಣೀರು. ಐದನೆಯದೊಂದು ಬಿಟ್ಟರೆ ಸೂತ್ರ ಅದೇ. ಶುಂಠಿಯ ಸೋಡಾಕ್ಕೆ ನಿಂಬೆ ಹಿಂಡಿ ವೋಡ್ಕಾ ಹಾಕಿ "ಮಾಸ್ಕೋ ಮ್ಯೂಲ್" ಅಂತ ಅಮೆರಿಕದಲ್ಲಿ 1940ರ ದಶಕದಲ್ಲಿ ಹೆಸರಿಟ್ಟರು. ತಾಮ್ರದ ಲೋಟದಲ್ಲಿ ಕೊಟ್ಟರು. ನಮ್ಮ ಅಜ್ಜಿಯ ಮನೆಯಲ್ಲೂ ಪಾನಕ ತಾಮ್ರದ ತಂಬಿಗೆಯಲ್ಲೇ ಇರುತ್ತಿತ್ತು. (ಹುಳಿ ಹಾಕಿದ್ದನ್ನು ಕಲಾಯಿ ಇಲ್ಲದ ತಾಮ್ರದಲ್ಲಿ ಹೆಚ್ಚು ಹೊತ್ತು ಇಡಬೇಡಿ. ಅಂಗಡಿಯಲ್ಲಿ ಕೊಳ್ಳುವ ಮಗ್ಗಿಗೂ ಒಳಗೆ ಸ್ಟೀಲ್ ಅಥವಾ ಕಲಾಯಿ ಇದೆಯಾ ನೋಡಿ.)

ನಮ್ಮವರು ಇದನ್ನೆಲ್ಲ ಗಂಭೀರವಾಗಿಯೇ ತೆಗೆದುಕೊಂಡಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅನ್ನದ ಭೋಗಕ್ಕೆ ಒಂದು ಭಾಗವಾದರೆ ಪಾನೀಯಕ್ಕೆ ಇನ್ನೊಂದು ಭಾಗವಿದೆ. 16ನೇ ಶತಮಾನದ ಮೂರನೇ ಮಂಗರಸ ಕನ್ನಡದಲ್ಲಿ, ಅದೂ ಷಟ್ಪದಿಯಲ್ಲಿ, 'ಸೂಪಶಾಸ್ತ್ರ' ಬರೆದಾಗ ಪಾನಕಗಳಿಗೇ ಒಂದು ಅಧ್ಯಾಯ ಕೊಟ್ಟ. ಆದ್ದರಿಂದ ಯಾರಾದರೂ "ಏನಿದು, ಜ್ಯೂಸ್ ಬಗ್ಗೆ ಭಾಷಣವೇ?" ಅಂದರೆ ಧೈರ್ಯವಾಗಿ ಮಂಗರಸನ ಹೆಸರು ಹೇಳಿ.

ಈಗ ನನ್ನ ಮೂಲ ಪದಾರ್ಥ. 250 ಗ್ರಾಂ ಬೆಲ್ಲಕ್ಕೆ ಒಂದು ಲೋಟ, ಅಂದರೆ 200 ಮಿ.ಲೀ. ನೀರು ಹಾಕಿ ಕರಗಿಸಿ, ಒಂದು ಕುದಿ ಬರಿಸಿ, ಶೋಧಿಸಿ. ಬಿಸಿ ಇರುವಾಗಲೇ ಜಜ್ಜಿದ ಹಸಿಶುಂಠಿ ಎರಡು ಇಂಚು, ಕುಟ್ಟಿದ ಮೆಣಸು ಅರ್ಧ ಚಮಚ, ನಾಲ್ಕು ಏಲಕ್ಕಿ ಹಾಕಿ ಮುಚ್ಚಿಡಿ. ಆರಿದ ಮೇಲೆ ಇನ್ನೊಮ್ಮೆ ಶೋಧಿಸಿ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಒಂದು ವಾರ ಏನೂ ಆಗುವುದಿಲ್ಲ. ಒಂದು ಗ್ಲಾಸಿಗೆ ಇದು 30 ಮಿ.ಲೀ., ನಿಂಬೆರಸ 15, ಚಿಟಿಕೆ ಉಪ್ಪು, ಐಸ್, ಮೇಲೆ ಸೋಡಾ. ಹತ್ತು-ಹನ್ನೊಂದು ಗ್ಲಾಸ್ ಆಗುತ್ತದೆ. ನಿಂಬೆಯನ್ನು ಮಾತ್ರ ಮೊದಲೇ ಬೆರೆಸಿಡಬೇಡಿ, ಕಹಿ ಬರುತ್ತದೆ, ಪರಿಮಳವೂ ಹೋಗುತ್ತದೆ. ಐಸ್ ಬಗ್ಗೆ ಒಂದು ಮಾತು: ನಮ್ಮ ಫ್ರೀಜರ್‌ಗಳಲ್ಲಿ ತುರಿದ ಕಾಯಿ, ಹುಳಿಪುಡಿ, ಊರಿಂದ ತಂದ ಹಪ್ಪಳದ ಸಂಡಿಗೆ ಎಲ್ಲ ಇರುತ್ತದೆ. ಐಸ್ ಆ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಮುಚ್ಚಳ ಇರುವ ಟ್ರೇ ಕೊಳ್ಳಿ. ದೊಡ್ಡ ತುಂಡು ಮಾಡಿದರೆ ನಿಧಾನ ಕರಗುತ್ತದೆ, ಪಾನಕ ನೀರಾಗುವುದಿಲ್ಲ.

ಇನ್ನು ಋತುಗಳು. ಬೆಂಗಳೂರಿನಿಂದ ಬಂದವರಿಗೆ ದೆಹಲಿಯ ಹವೆ ಒಂದು ಶಿಕ್ಷೆ ಅನ್ನಿಸುತ್ತದೆ, ನಿಜ. ಆದರೆ ಇಲ್ಲಿಯ ತಳ್ಳುಗಾಡಿಗಳಷ್ಟು ಚೆನ್ನಾಗಿ ಕಾಲ ಹೇಳುವ ಕ್ಯಾಲೆಂಡರ್ ಬೆಂಗಳೂರಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಏಪ್ರಿಲ್‌ನಲ್ಲಿ ಕರಬೂಜ ಬರುತ್ತದೆ. ಹಳೇ ಮೈಸೂರಿನವರಿಗೆ ರಾಮನವಮಿಗೆ ಕರಬೂಜದ ಪಾನಕ ಗೊತ್ತೇ ಇದೆ: ತಿರುಳು, ಬೆಲ್ಲ, ಏಲಕ್ಕಿ, ಅಷ್ಟೇ. ಬೇಲದ ಹಣ್ಣಿನ ಪಾನಕ ಮಾಡಬೇಕು ಅನ್ನುವವರು ಇಲ್ಲಿ ಒಂದು ಗೊಂದಲಕ್ಕೆ ಸಿಕ್ಕಿಬೀಳುತ್ತಾರೆ. ಇಲ್ಲಿಯ ಗಾಡಿಯವನು "ಬೇಲ್" ಅಂತ ಕೂಗುವುದು ನಮ್ಮ ಬೇಲ ಅಲ್ಲ, ಅದು ಬಿಲ್ವದ ಹಣ್ಣು! ನಮ್ಮ ಬೇಲ ಹುಳಿ-ಸಿಹಿ, ಒಳಗೆ ಕಂದು ತಿರುಳು, ಬೆಲ್ಲ ಬೇಡುತ್ತದೆ. ಬಿಲ್ವ ಹಳದಿ, ಅಂಟಂಟು, ಹುಳಿಯೇ ಇಲ್ಲ. ಬೇಲದ ಅಳತೆಯಲ್ಲಿ ಬಿಲ್ವಕ್ಕೆ ಬೆಲ್ಲ ಸುರಿದರೆ ಪಾಯಸದ ಹಾಗೆ ಆಗುತ್ತದೆ. ನಿಂಬೆ ಹಿಂಡಿ, ಚೂರು ಕಪ್ಪುಪ್ಪು ಹಾಕಿ, ನೀರು ಹೆಚ್ಚು ಮಾಡಿ. ಮೇ ತಿಂಗಳ ಲೂ ಗಾಳಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಮೇ ಕೊನೆಯಿಂದ ಜೂನ್‌ವರೆಗೆ, ಮೂರು-ನಾಲ್ಕು ವಾರ ಮಾತ್ರ, ಫಾಲ್ಸಾ ಬರುತ್ತದೆ. ಬಟಾಣಿ ಗಾತ್ರದ ನೇರಳೆ ಬಣ್ಣದ ಹುಳಿ ಹಣ್ಣು. ಕೈಯಲ್ಲೇ ಹಿಚುಕಿ, ಸಕ್ಕರೆ ಹಾಕಿ, ಜರಡಿಯಲ್ಲಿ ಶೋಧಿಸಿ. ಸಿಕ್ಕ ದಿನವೇ ಕೊಳ್ಳಿ, ಮಾರನೇ ದಿನಕ್ಕೆ ಮೆತ್ತಗಾಗುತ್ತದೆ. ಜುಲೈನಲ್ಲಿ ಮಳೆ ಶುರುವಾದ ಮೇಲೆ ನೇರಳೆ. ಇಂಡಿಯಾ ಗೇಟ್ ಸುತ್ತಿನ ರಸ್ತೆಗಳ ಪಕ್ಕ ಸಾಲಾಗಿ ನಿಂತಿರುವ ಮರಗಳನ್ನು ನೋಡಿದ್ದೀರಲ್ಲ, ಅವೇ. ಮಳೆಗಾಲದಲ್ಲಿ ಆ ರಸ್ತೆಗಳು ಜಾರುತ್ತವೆ, ನೇರಳೆಯ ಕಲೆ ಬಟ್ಟೆಯಿಂದ ಹೋಗುವುದೂ ಇಲ್ಲ, ಆದರೂ ಜನ ಮರದ ಕೆಳಗೇ ನಿಲ್ಲುತ್ತಾರೆ. ಬೀಜ ತೆಗೆದು, ಪುದೀನಾ, ಹುರಿದ ಜೀರಿಗೆ, ಕಪ್ಪುಪ್ಪು ಹಾಕಿ ರುಬ್ಬಿದರೆ ಬಣ್ಣ ನೋಡಿಯೇ ಮಕ್ಕಳು ಕುಡಿಯುತ್ತಾರೆ.

ಇಷ್ಟರ ನಡುವೆ ವರ್ಷವಿಡೀ ನನ್ನ ಮನೆಯಲ್ಲಿ ಇರುವುದು ಪುನರ್ಪುಳಿ. ಉತ್ತರ ಕನ್ನಡದವರು ಮುರುಗಲು ಅನ್ನಿ, ಕೊಂಕಣಿಯವರು ಬಿರಿಂಡ ಅನ್ನಿ, ಐಎನ್ಎ ಮಾರ್ಕೆಟ್‌ನಲ್ಲಿ ಕೋಕಮ್ ಅಂತ ಕೇಳಿ. ಒಣಗಿದ ಸಿಪ್ಪೆ ಇಪ್ಪತ್ತು ಎಸಳು, ಎರಡು ಲೋಟ ಬಿಸಿನೀರು, ಅರ್ಧ ಗಂಟೆ. ಹಿಂಡಿ ಶೋಧಿಸಿ ಸಕ್ಕರೆ, ಜೀರಿಗೆ ಪುಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಬೇಡ. ಮಂಗಳೂರಿನಿಂದ ಯಾರಾದರೂ ಬರುತ್ತಾರೆ ಅಂತ ಗೊತ್ತಾದರೆ ನಾನು ಸೀರೆ ತರಿಸುವುದಿಲ್ಲ, ಇದನ್ನು ತರಿಸುತ್ತೇನೆ.

ಚಳಿಗಾಲಕ್ಕೆ ಕಾಂಜಿ. ಇದು ಈ ಊರು ನನಗೆ ಕಲಿಸಿದ್ದು. ಫೋನಿನಲ್ಲಿ ಅಮ್ಮನಿಗೆ "ಇವತ್ತು ಸಂಜೆ ಹತ್ತು ಜನ ಕಾಂಜಿ ಕುಡಿಯೋಕೆ ಬರ್ತಿದಾರೆ" ಅಂದಾಗ ಅವರಿಗೆ ಕೇಳಿಸಿದ್ದು ಗಂಜಿ. "ಯಾರಿಗೆ ಹುಷಾರಿಲ್ಲ?" ಅಂದರು. ಹಾಗಲ್ಲ. ಡಿಸೆಂಬರ್‌ನಿಂದ ಹೋಳಿಯವರೆಗೆ ಇಲ್ಲಿ ಕಪ್ಪು ಕ್ಯಾರೆಟ್ ಸಿಗುತ್ತದೆ. ಅರ್ಧ ಕಿಲೋ ಕ್ಯಾರೆಟ್ ಕಡ್ಡಿಗಳ ಹಾಗೆ ಹೆಚ್ಚಿ, ಎರಡು ಲೀಟರ್ ಕುದಿಸಿ ಆರಿಸಿದ ನೀರು, ತರಿಯಾಗಿ ಪುಡಿ ಮಾಡಿದ ಸಾಸಿವೆ ಮೂರು ದೊಡ್ಡ ಚಮಚ, ಉಪ್ಪು ಒಂದೂವರೆ ದೊಡ್ಡ ಚಮಚ, ಒಂದು ಸಣ್ಣ ಚಮಚ ಖಾರದಪುಡಿ. ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಬಾಲ್ಕನಿಯ ಬಿಸಿಲಿನಲ್ಲಿ ನಾಲ್ಕೈದು ದಿನ. ದಿನಕ್ಕೊಮ್ಮೆ ಒಣ ಸೌಟಿನಿಂದ ಕಲಕಿ. ಜನವರಿಯಲ್ಲಿ ಮಂಜು ಮುಸುಕಿದರೆ ವಾರ ಹಿಡಿಯುತ್ತದೆ. ನಮ್ಮ ದೋಸೆ ಹಿಟ್ಟು ಹುಳಿ ಬರುವುದೂ ಇದೂ ಒಂದೇ ಬಗೆಯ ಬ್ಯಾಕ್ಟೀರಿಯಾಗಳ ಕೆಲಸ. ಮೇಲೆ ತೆಳ್ಳನೆ ಬಿಳಿ ಪದರ ಕಂಡರೆ ತೆಗೆದುಹಾಕಿ. ಹಸಿರೋ ಕಪ್ಪೋ ರೋಮದಂಥ ಬೂಸಲು ಬಂದರೆ ಪೂರಾ ಚೆಲ್ಲಿ, ಜಿಪುಣತನ ಬೇಡ. ಹುಳಿ, ಖಾರ, ಸಾಸಿವೆಯ ಘಾಟು ಮೂಗಿಗೆ ಏರುವ ಈ ಕೆಂಪು ನೀರಿನ ಮುಂದೆ ಯಾವ ವೈನೂ ಬೇಡ ಅನ್ನಿಸುತ್ತದೆ ನನಗೆ.

ಚಳಿಗಾಲದ ಇನ್ನೊಂದು ಹಣ್ಣು ಕಿನ್ನೋ. ಅದರ ರಸ ತೆಗೆದ ತಕ್ಷಣ ಕುಡಿಯಬೇಕು. ಲಿಮೋನಿನ್ ಅನ್ನುವ ಅಂಶದಿಂದಾಗಿ ಇಟ್ಟಷ್ಟೂ ಕಹಿಯಾಗುತ್ತದೆ. ಮಧ್ಯಾಹ್ನವೇ ಜಗ್ ತುಂಬಿಸಿಟ್ಟು ರಾತ್ರಿ ಕೊಟ್ಟರೆ ಅತಿಥಿಗಳು ಸುಳ್ಳು ಹೇಳಬೇಕಾಗುತ್ತದೆ. ರಾತ್ರಿ ಎಂಟು ಡಿಗ್ರಿ ಇರುವಾಗ ಬಂದವರ ಕೈಗೆ ಮೊದಲು ಕೊತ್ತಂಬರಿ-ಜೀರಿಗೆ ಕಷಾಯ ಕೊಡಿ, ಹಾಲು ಬೆಲ್ಲ ಹಾಕಿ. ಹವ್ಯಕರ ಮನೆಯವರು ಇಲ್ಲಿ ನಗುತ್ತಿದ್ದಾರೆ, ಅವರಿಗೆ ಹೇಳಿಕೊಡಬೇಕಿಲ್ಲ.

ಇಲ್ಲಿಯವರೆಗೆ ನಾನು ಮದ್ಯದ ಮಾತು ಎತ್ತಿಲ್ಲ. ಈಗ ಎತ್ತುತ್ತೇನೆ, ಸುತ್ತಿ ಬಳಸದೆ.

"ಇದು ನಮ್ಮ ಸಂಸ್ಕೃತಿಯಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೊಡಗಿನ ಮನೆಗಳಲ್ಲಿ, ಮಂಗಳೂರಿನ ಕ್ರಿಶ್ಚಿಯನ್ ಮನೆಗಳ ಕ್ರಿಸ್‌ಮಸ್‌ನಲ್ಲಿ ಮನೆಯಲ್ಲೇ ಮಾಡಿದ ವೈನ್ ಇರುತ್ತದೆ, ಅವರೂ ಕನ್ನಡದವರೇ. ಹಾಗೆಯೇ "ಈ ಕಾಲದಲ್ಲಿ ಇದೆಲ್ಲ ಕಾಮನ್" ಅನ್ನುವುದನ್ನೂ ಒಪ್ಪುವುದಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಆಮೇಲೂ, 2019ರ ಜನವರಿಯಲ್ಲಿ, ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ನಡೆದುಕೊಂಡೇ ಬಂದರು. ಅವರಿಗೆ ಕುಡಿತ ಅಂದರೆ ಉದ್ದ ಕಾಲಿನ ಗ್ಲಾಸು, ಪುದೀನಾ ಎಲೆ ಅಲ್ಲ; ಕೂಲಿ ಹಣ, ಏಟು, ಮಕ್ಕಳ ಹಸಿವು. ಇವೆರಡೂ ನಮ್ಮದೇ. ಎರಡನ್ನೂ ನೆನಪಿಟ್ಟುಕೊಂಡೇ ಬಾಟಲಿ ಮುಚ್ಚಳ ತೆಗೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೋದ ದೀಪಾವಳಿಗೆ ಮುಂಚೆ ಒಬ್ಬ ಗೆಳತಿ ಫೋನ್ ಮಾಡಿದಳು. ಹೆಸರು ಬೇಡ. "ಶನಿವಾರ ನಿಮ್ಮನೇಲಿ ಡ್ರಿಂಕ್ಸ್ ಇರತ್ತಾ?" ಅಂದಳು. ಇರುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದ್ರೆ ನಾವು ಬರಲ್ಲ ಕಣೆ" ಅಂದಳು. ಅವಳ ಗಂಡ ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಹದಿನಾಲ್ಕು ತಿಂಗಳಿಂದ ಅವರು ಯಾರ ಮನೆಗೂ ಹೋಗಿರಲಿಲ್ಲ. ಬಾಟಲಿ ಎದುರಿಗಿರುತ್ತದೆ ಅನ್ನುವುದು ಒಂದು ಭಯ. ಅದಕ್ಕಿಂತ ದೊಡ್ಡದು, "ಏನು ಸಾರ್, ಒಂದೇ ಒಂದು" ಅನ್ನುವವರ ಭಯ. ಬೇಡ ಅಂದರೆ ಯಾಕೆ ಬೇಡ ಅಂತ ಎಲ್ಲರ ಮುಂದೆ ವಿವರಣೆ ಕೊಡಬೇಕಲ್ಲ. ಗಂಡ ಬಿಟ್ಟ, ಸರಿ. ಆದರೆ ಹೆಂಡತಿಯ ಸ್ನೇಹಿತರು, ಹಬ್ಬ, ಹರಟೆ ಎಲ್ಲ ಅದರ ಜೊತೆಗೇ ಹೋಗಿಬಿಟ್ಟಿತ್ತು.

ಆ ಶನಿವಾರ ನಮ್ಮ ಮನೆಯಲ್ಲಿ ಮದ್ಯ ಇಡಲಿಲ್ಲ. ಬಂದ ಹನ್ನೊಂದು ಜನರಲ್ಲಿ ಇಬ್ಬರು ಮುಖ ಸಣ್ಣದು ಮಾಡಿಕೊಂಡರು, ಮಾಡಿಕೊಳ್ಳಲಿ. ಪುನರ್ಪುಳಿ ಸೋಡಾ, ಪಾನಕ ಸೋಡಾ ಎರಡನ್ನೂ ಒಂದೇ ಥರದ ಗ್ಲಾಸಿನಲ್ಲಿ, ಐಸ್, ನಿಂಬೆ ಚೂರು ಸಮೇತ ಕೊಟ್ಟೆವು. ಅವರಿಬ್ಬರೂ ಬಂದಿದ್ದರು. ರಾತ್ರಿ ಹನ್ನೆರಡೂವರೆಗೆ ಎದ್ದು ಹೋದರು. ಅವಳು ಲಿಫ್ಟಿನ ಹತ್ತಿರ ಏನೂ ಹೇಳಲಿಲ್ಲ, ಕೈ ಹಿಡಿದುಕೊಂಡು ನಿಂತಿದ್ದಳು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಜಗ್‌ನಲ್ಲಿರುವುದಕ್ಕೆ ಎಂದೂ ಮದ್ಯ ಬೆರೆಸುವುದಿಲ್ಲ. ಮದ್ಯ ಇಡುವ ದಿನ ಕರೆಯುವಾಗಲೇ ಹೇಳುತ್ತೇವೆ. ಬಾಟಲಿ ಬೇರೆ ಕಡೆ ಇರುತ್ತದೆ, ಪಕ್ಕದಲ್ಲಿ 30 ಮಿ.ಲೀ. ಅಳತೆ ಇರುತ್ತದೆ; ಬೇಕಾದವರು ತಮ್ಮ ಗ್ಲಾಸಿಗೆ ತಾವೇ ಹಾಕಿಕೊಳ್ಳುತ್ತಾರೆ. ಪಾನಕಕ್ಕೆ ರಮ್ ಹೊಂದುತ್ತದೆ, ಎರಡೂ ಕಬ್ಬಿನ ಮಕ್ಕಳು. ಪುನರ್ಪುಳಿಗೆ ಜಿನ್, ಕಾಂಜಿಗೆ ವೋಡ್ಕಾ. ಗ್ಲಾಸು ನೋಡಿ ಯಾರದ್ದರಲ್ಲಿ ಏನಿದೆ ಅಂತ ಹೇಳಲಾಗುವುದಿಲ್ಲ. ಯಾರೂ ಕೇಳಬಾರದು, ಒತ್ತಾಯ ಮಾಡಬಾರದು. ನಾನು ಒಂದು ಆಫೀಸ್ ಪಾರ್ಟಿಯಲ್ಲಿ ಮದ್ಯ ಬೇಡ ಅಂದಾಗ ಪ್ಲಾಸ್ಟಿಕ್ ಕಪ್ಪಿನಲ್ಲಿ ಬೆಚ್ಚನೆಯ ಕೋಲಾ ಕೊಟ್ಟು ಮಕ್ಕಳ ಟೇಬಲ್ ತೋರಿಸಿದ್ದರು. ಕುಡಿಯದವರೂ ಅತಿಥಿಗಳೇ ಅಲ್ಲವೇ?

ಲೆಕ್ಕ ಸ್ವಲ್ಪ ಹೇಳುತ್ತೇನೆ, ಎಂ.ಟೆಕ್. ಚಟ. ನಮ್ಮ ದೇಶದ ವಿಸ್ಕಿ, ರಮ್ಮಿನ ಬಾಟಲಿ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತದೆ. 30 ಮಿ.ಲೀ. ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. "ನಾನು ಬರೀ ಬೀರ್ ಅಪ್ಪಾ" ಅನ್ನುವವರ 650 ಮಿ.ಲೀ. ಸ್ಟ್ರಾಂಗ್ ಬೀರ್ 7% ಇದ್ದರೆ ಸುಮಾರು 36 ಗ್ರಾಂ, ಅಂದರೆ ಮೂರೂವರೆ ಪೆಗ್! ಒಂದು ಪೆಗ್ ಇಳಿಯಲು ದೇಹಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಕಾಫಿ ಕುಡಿದರೆ, ತಣ್ಣೀರು ಎರಚಿಕೊಂಡರೆ ಬೇಗ ಇಳಿಯುವುದಿಲ್ಲ, ಎಚ್ಚರ ಇರುವ ಕುಡುಕರಾಗುತ್ತಾರೆ ಅಷ್ಟೇ. ಅಷ್ಟೇ ತೂಕದ ಗಂಡಸಿಗಿಂತ ಹೆಂಗಸಿನ ದೇಹದಲ್ಲಿ ನೀರಿನ ಅಂಶ ಕಡಿಮೆ, ಆದ್ದರಿಂದ ಅದೇ ಪೆಗ್ ನಮಗೆ ಹೆಚ್ಚು ಏರುತ್ತದೆ. ಗರ್ಭಿಣಿಯರಿಗೆ ಒಂದು ಗುಟುಕೂ ಬೇಡ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ನಮ್ಮ ಮನೆಯ ಮಿತಿ ಸೊನ್ನೆ. ಇನ್ನೊಂದು, ದೆಹಲಿಯಲ್ಲಿ ಕುಡಿಯಲು ಕಾನೂನಿನ ವಯಸ್ಸು 25. ಹೊಸದಾಗಿ ಕೆಲಸಕ್ಕೆ ಸೇರಿದ 22ರ ಹುಡುಗ ಹುಡುಗಿಯರು ಮನೆಗೆ ಬಂದಾಗ ನೆನಪಿರಲಿ.

ಅಡುಗೆಗೆ ಬರುತ್ತೇನೆ. ಇಲ್ಲಿ ನನ್ನದು ಒಂದೇ ನಿಯಮ: ಬೆಲ್ ಆದ ಮೇಲೆ ಒಲೆ ಮುಂದೆ ನಿಲ್ಲಿಸುವ ಯಾವ ತಿಂಡಿಯೂ ಬೇಡ. ಅಕ್ಕಿರೊಟ್ಟಿ, ದೋಸೆ, ಬೋಂಡಾ ಮೂರೂ ನನಗೆ ಪ್ರಾಣ. ಆದರೆ ಹತ್ತು ಜನಕ್ಕೆ ಅಕ್ಕಿರೊಟ್ಟಿ ತಟ್ಟುವವಳು ಆ ಸಂಜೆ ಯಾರ ಜೊತೆಯೂ ಮಾತಾಡುವುದಿಲ್ಲ. ಅವಳಿಗೆ ಕೇಳಿಸುವುದು ಹಾಲ್‌ನಿಂದ ಬರುವ ನಗು ಮಾತ್ರ. ಗಂಡಸರು ಬಾಟಲಿ ಇಲಾಖೆ ನೋಡಿಕೊಂಡು ಸೋಫಾದಲ್ಲಿ, ನಾವು ಕುಕ್ಕರ್ ಇಲಾಖೆ ನೋಡಿಕೊಂಡು ಒಳಗೆ. ಇದು ಸಾಕು.

ನುಚ್ಚಿನುಂಡೆಯನ್ನು ಮರೆತೇಬಿಟ್ಟಿದ್ದೇವೆ, ಪಾರ್ಟಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ಲೋಟ ತೊಗರಿಬೇಳೆ, ಅರ್ಧ ಲೋಟ ಕಡ್ಲೆಬೇಳೆ ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಹಸಿಮೆಣಸು ಶುಂಠಿ ಜೊತೆ ತರಿತರಿ ರುಬ್ಬಿ. ಕಾಯಿತುರಿ, ಇಂಗು, ಉಪ್ಪು, ಮತ್ತೆ ಕೈತುಂಬ ಸಬ್ಬಸಿಗೆ. ಸಬ್ಬಸಿಗೆ ಇಲ್ಲಿ ಸಿಗುವುದಿಲ್ಲ ಅನ್ನುವವರಿಗೆ: ಸಿಗುತ್ತದೆ, ಇಲ್ಲಿ ಅದರ ಹೆಸರು "ಸೋಯಾ". ಸೋಯಾಬೀನ್‌ಗೂ ಅದಕ್ಕೂ ಸಂಬಂಧವಿಲ್ಲ. ಚಳಿಗಾಲದಲ್ಲಿ ಪಾಲಕ್, ಮೆಂತ್ಯದ ಪಕ್ಕದಲ್ಲೇ ಕಟ್ಟಿಟ್ಟಿರುತ್ತಾರೆ. ಬೆಳಗ್ಗೆಯೇ ಉಂಡೆ ಕಟ್ಟಿ ಫ್ರಿಜ್‌ನಲ್ಲಿಟ್ಟು, ಜನ ಬಂದ ಮೇಲೆ ಹದಿನೈದು ನಿಮಿಷ ಹಬೆಯಲ್ಲಿಡಿ. ಅದು ತನ್ನಷ್ಟಕ್ಕೆ ಬೇಯುತ್ತದೆ, ನೀವು ಹೊರಗೆ ಕೂತಿರಬಹುದು. ಜೊತೆಗೆ ಮಜ್ಜಿಗೆಹುಳಿ ಇದ್ದರೆ ಅದೇ ಊಟ.

ತಂಬುಳಿ ಐದು ನಿಮಿಷದ್ದು. ಇಲ್ಲಿಯ ನರ್ಸರಿಗಳಲ್ಲಿ "ಅಜ್ವೈನ್ ಗಿಡ" ಅಂತ ಮಾರುವ ದಪ್ಪ ಎಲೆಯ ಗಿಡ ನಮ್ಮ ದೊಡ್ಡಪತ್ರೆಯೇ. ಬಾಲ್ಕನಿಯ ಕುಂಡದಲ್ಲಿ ತಾನಾಗಿ ಹಬ್ಬುತ್ತದೆ, ಡಿಸೆಂಬರ್ ಚಳಿಗೆ ಮಾತ್ರ ಒಳಗಿಡಬೇಕು. ಏಳೆಂಟು ಎಲೆ ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆ, ಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿ. ಸಣ್ಣ ಗಾಜಿನ ಲೋಟದಲ್ಲಿ ಊಟಕ್ಕೆ ಮೊದಲು ಕೊಟ್ಟರೆ ಪಂಜಾಬಿ ಅತಿಥಿಗಳು ರೆಸಿಪಿ ಕೇಳುತ್ತಾರೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ಪುಳಿಯೋಗರೆ ಗೊಜ್ಜು ಮೊದಲೇ ಮಾಡಿಟ್ಟಿರಿ. ಗೊಜ್ಜವಲಕ್ಕಿಗೆ ಒಲೆ ಬೇಕಿರುವುದು ಒಗ್ಗರಣೆಗೆ ಮಾತ್ರ. ಕೋಸಂಬರಿಗೆ ಉಪ್ಪು ಕೊನೇ ಗಳಿಗೆಯಲ್ಲಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಮೊಸರನ್ನಕ್ಕೆ ದಾಳಿಂಬೆ ಉದುರಿಸಿದರೆ ನೋಡಲು ಪಾರ್ಟಿ, ತಿನ್ನಲು ಮನೆ. ಎರಡು ಅಡುಗೆ, ಒಂದು ಕೋಸಂಬರಿ, ಒಂದು ಮೊಸರನ್ನ ಸಾಕು. ಒಂಬತ್ತು ಬಗೆ ಮಾಡಿ ಸುಸ್ತಾದ ಮುಖ ಬಡಿಸುವುದಕ್ಕಿಂತ ಅದು ಮೇಲು. ತಟ್ಟೆ ತೊಳೆಯುವುದು? ನಮ್ಮಲ್ಲಿ ಬಾಟಲಿ ತೆರೆದವರು ಗ್ಲಾಸು ತೊಳೆಯುತ್ತಾರೆ. ಮೊದಲ ಸಲ ಹೇಳುವಾಗ ಕಷ್ಟ, ಮೂರನೇ ಸಲಕ್ಕೆ ಅವರೇ ಏಳುತ್ತಾರೆ.

ಹಿಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದ್ದಾರೆ, ಕಾಂಜಿ ಬಗ್ಗೆ ಇರಬೇಕು. ಆ ಮೇಜಿನ ಮೇಲೆ ಭರಣಿ ಇದೆ, ಈ ಋತುವಿನ ಕೊನೆಯದು. ಲೋಟ ತೆಗೆದುಕೊಂಡು ಬನ್ನಿ, ಕುಡಿಯುತ್ತಾ ಮಾತಾಡೋಣ.